ದನಿಯಿಂದ ದುಡಿಯುವುದು: ಒಂದು ಪ್ರಶ್ನೆಗೆ ಉತ್ತರ

ದಸರಾ ರಜೆಯಲ್ಲಿ ಬೆಂಗಳೂರಿನ ಚಾಚಾ ಮನೆಗೆ ಹೋಗಿ ಬಂದ ದ್ವಿತೀಯ ಪಿಯುಸಿ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: ‘ಸರ್, ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಯಾವುದು ಅಂತ ಹೇಳ್ತಾರಲ್ಲ, ಆ ಮೇಡಂ ಎಲ್ಲಿ ಕೂತಿರ್ತಾರೆ?’ ಒಳಗಿದ್ದ ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ‘ಅದಕ್ಕೆ ದುಡ್ಡು ಕೊಡ್ತಾರಾ ಸರ್? ನಮ್ಮಂಥೋರು ಹೋಗಬಹುದಾ ಆ ಕೆಲಸಕ್ಕೆ?’ ಎಂದ.

‘ನಮ್ಮಂಥೋರು’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಆ ಹುಡುಗನ ಮನೆಮಾತು ಉರ್ದು. ತರಗತಿಯಲ್ಲಿ ಕನ್ನಡ ಪಾಠ ಓದಲು ಎದ್ದು ನಿಂತರೆ, ಅವನ ಬಾಯಲ್ಲಿ ‘ಹಳ್ಳಿ’ ‘ಹಲ್ಲಿ’ಯಾದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ ಎಂಬ ಸದ್ದು ಬರುತ್ತದೆ. ಅದನ್ನು ನಾನೂ ಕೇಳಿದ್ದೇನೆ. ಹೀಗಾಗಿ ಅವತ್ತು ಬಾಗಿಲಲ್ಲಿ ನಿಂತು ಕೊಟ್ಟ ಅರ್ಧ ಉತ್ತರ ಸಾಲದು ಅನ್ನಿಸಿ ಈ ಬರಹ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆ ಮೇಡಂ ರೈಲಿನಲ್ಲಿ ಎಲ್ಲೂ ಕೂತಿಲ್ಲ. ಈಗ ನಮ್ಮ ನಡುವೆಯೂ ಇಲ್ಲ. ‘ನಮ್ಮ ಮೆಟ್ರೋ’ದ ಕನ್ನಡ ದನಿ ಎಂದು ಹೆಸರಾದವರು ಅಪರ್ಣಾ. 2024ರ ಜುಲೈ 11ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡರು. ನಿಮ್ಮಲ್ಲಿ ಕೆಲವರು ಅವರನ್ನು ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ನೋಡಿರುತ್ತೀರಿ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಬಂದವರು. ಆಮೇಲೆ ಆಕಾಶವಾಣಿ, ಚಂದನ ವಾಹಿನಿ, ನೂರಾರು ಸಭೆಗಳ ನಿರೂಪಣೆ. ಅಂದರೆ ಮೆಟ್ರೋ ರೈಲು ಬೆಂಗಳೂರಿನಲ್ಲಿ ಓಡಲು ಶುರುವಾದ 2011ರ ಹೊತ್ತಿಗೆ ಅವರ ದನಿಯ ಹಿಂದೆ ಇಪ್ಪತ್ತೈದು ವರ್ಷಗಳ ಸಾಧನೆ ಇತ್ತು.

ಆ ಪ್ರಕಟಣೆಯನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿ. ಅದರಲ್ಲಿ ಯಾವ ಆರ್ಭಟವೂ ಇಲ್ಲ. ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ನಿಲ್ದಾಣಗಳ ಹೆಸರನ್ನು ಬೇರೆ, ಉಳಿದ ವಾಕ್ಯವನ್ನು ಬೇರೆ ಧ್ವನಿಮುದ್ರಣ ಮಾಡಿ ಜೋಡಿಸುತ್ತಾರೆ. ಹತ್ತಾರು ಹೆಸರುಗಳನ್ನು ಒಂದೇ ಏರಿಳಿತದಲ್ಲಿ, ಒಂದೇ ವೇಗದಲ್ಲಿ ಹೇಳಬೇಕು. ಒಂದು ಹೆಸರನ್ನು ಬೆಳಿಗ್ಗೆ ಉಲ್ಲಾಸದಿಂದ, ಇನ್ನೊಂದನ್ನು ಸಂಜೆ ಸುಸ್ತಾಗಿ ಹೇಳಿದರೆ ಜೋಡಿಸಿದ ಕಡೆ ಒಡಕು ಕೇಳಿಸುತ್ತದೆ. ಕೇಳುವವನಿಗೆ ದನಿ ನೆನಪಿರಬೇಕಿಲ್ಲ, ಇಳಿಯುವ ಜಾಗ ತಪ್ಪಬಾರದು. ಈ ವೃತ್ತಿಯ ಬಗ್ಗೆ ನನಗೆ ಹೇಳಬೇಕಾದದ್ದು ಬಹುಪಾಲು ಇದೇ: ದನಿ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಅರ್ಥ ತಿಳಿದು, ಅಕ್ಷರ ತಪ್ಪದೆ, ಹತ್ತನೇ ಸಲವೂ ಮೊದಲ ಸಲದ ಹಾಗೇ ಓದುವವರು ಕಡಿಮೆ.

ಮೆಟ್ರೋ ಎನ್ನುವುದು ಈ ಕೆಲಸದ ಒಂದು ಮೂಲೆ ಮಾತ್ರ. ರೇಡಿಯೊ, ಟಿ.ವಿ. ಜಾಹೀರಾತು, ಸಾಕ್ಷ್ಯಚಿತ್ರದ ನಿರೂಪಣೆ, ಆಡಿಯೊ ಪುಸ್ತಕ, ಆನ್‌ಲೈನ್ ಪಾಠಗಳು, ಬ್ಯಾಂಕಿಗೆ ಫೋನ್ ಮಾಡಿದರೆ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುವ ದನಿ, ಕೃಷಿ ಮತ್ತು ಆರೋಗ್ಯ ಇಲಾಖೆಯ ಪ್ರಕಟಣೆಗಳು, ಕಾರ್ಟೂನು, ಗೇಮು, ಎಲ್ಲಕ್ಕಿಂತ ದೊಡ್ಡದಾಗಿ ಸಿನಿಮಾ ಡಬ್ಬಿಂಗ್. ಕನ್ನಡದಲ್ಲಿ ಡಬ್ಬಿಂಗ್ ಕಲಾವಿದರಿಗೆ ‘ಕಂಠದಾನ ಕಲಾವಿದರು’ ಎಂದು ಹೆಸರು. ಆ ಪದದಲ್ಲಿ ‘ದಾನ’ ಇರುವುದರಿಂದಲೋ ಏನೋ, ಬಹಳ ಮಂದಿ ದುಡ್ಡು ಕೇಳಲು ಸಂಕೋಚಪಡುತ್ತಾರೆ. ಅದರ ಮಾತು ಆಮೇಲೆ.

ಮುಚ್ಚಿದ್ದ ಬಾಗಿಲು

ಡಬ್ಬಿಂಗ್ ವಿಷಯದಲ್ಲಿ ಕನ್ನಡದ ಕಥೆ ಬೇರೆ ಭಾಷೆಗಳಂತಲ್ಲ. ನಮ್ಮ ಗಡಿಯಾಚೆ ರಾಯದುರ್ಗದಲ್ಲೋ ಕಲ್ಯಾಣದುರ್ಗದಲ್ಲೋ ತಮಿಳು, ಹಿಂದಿ, ಇಂಗ್ಲಿಷ್ ಚಿತ್ರಗಳನ್ನು ಜನ ತೆಲುಗಿನಲ್ಲಿ ನೋಡುತ್ತಿದ್ದಾಗ, ಇತ್ತ ಚಳ್ಳಕೆರೆಯಲ್ಲಿ ಅವು ಕನ್ನಡದಲ್ಲಿ ಬರುತ್ತಿರಲಿಲ್ಲ. 1960ರ ದಶಕದಿಂದ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಅಲಿಖಿತ ಕಟ್ಟುಪಾಡು ಚಿತ್ರರಂಗದಲ್ಲಿತ್ತು. ಆಗಿನ್ನೂ ಕಣ್ಣು ಬಿಡುತ್ತಿದ್ದ ಕನ್ನಡ ಚಿತ್ರೋದ್ಯಮದ ನಟರಿಗೆ, ಬರಹಗಾರರಿಗೆ, ತಂತ್ರಜ್ಞರಿಗೆ ಕೆಲಸ ಉಳಿಯಲಿ ಎಂಬುದು ಅದರ ಹಿಂದಿನ ಕಾಳಜಿ. ಆ ಕಾಳಜಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಬೇರೆ ದಕ್ಷಿಣ ಭಾಷೆಗಳಲ್ಲಿ ಬಂದಾಗಲೂ ಕನ್ನಡದಲ್ಲಿ ಬರಲಾಗಲಿಲ್ಲ ಎಂಬುದೂ ನಿಜ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಕಾನೂನಿಗೆ ವಿರುದ್ಧ ಎಂದು ಆದೇಶ ನೀಡಿತು. 2017ರಲ್ಲಿ ತಮಿಳಿನ ಅಜಿತ್ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡುತ್ತ ಮನೆಮನೆಗೆ ಬಂದದ್ದು ನಿಮಗೇ ನೆನಪಿರಬಹುದು.

ಹಾಗೆಂದು ಅದಕ್ಕೆ ಮುಂಚೆ ಕನ್ನಡದಲ್ಲಿ ಕಂಠದಾನ ಇರಲೇ ಇಲ್ಲವೆಂದಲ್ಲ. ಬೇರೆ ರಾಜ್ಯಗಳಿಂದ ಬಂದ ನಾಯಕಿಯರಿಗೆ ಕನ್ನಡದ ದನಿ ಬೇಕಿತ್ತಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗಭೂಮಿಯ ಬಿ. ಜಯಶ್ರೀ ಅವರು ಅನೇಕ ನಾಯಕಿಯರಿಗೆ ದನಿ ಕೊಟ್ಟವರು. ತೆಲುಗಿನಲ್ಲಿ ಸುಮನ್, ರಾಜಶೇಖರ್ ಅವರ ದನಿಯಾಗಿದ್ದ ಸಾಯಿಕುಮಾರ್ 1996ರ ‘ಪೊಲೀಸ್ ಸ್ಟೋರಿ’ಯಲ್ಲಿ ಕನ್ನಡದ ನಾಯಕರಾದರು. ಎರಡು ಭಾಷೆಯ ಗಡಿಯಲ್ಲಿ ಬದುಕುವ ನಮಗೆ ಈ ಉದಾಹರಣೆ ಬಹಳ ಹತ್ತಿರದ್ದು. ತೆಲುಗು ಬಲ್ಲದ್ದು ಅವರಿಗೆ ತೊಡಕಾಗಲಿಲ್ಲ, ಬಂಡವಾಳವಾಯಿತು. ಇನ್ನು ‘ಕೆಜಿಎಫ್’ ಹಿಂದಿಯಲ್ಲಿ ಹೋದಾಗ ಯಶ್‌ಗೆ ದನಿಯಾದವರು ಸಚಿನ್ ಗೋಳೆ. ಮುಖ ಒಬ್ಬರದು, ದನಿ ಇನ್ನೊಬ್ಬರದು. ದೇಶವೆಲ್ಲ ಚಪ್ಪಾಳೆ ತಟ್ಟಿತು, ಯಾರ ದನಿ ಎಂದು ಕೇಳಿದವರು ಕಡಿಮೆ. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರಬೇಕು.

ಡಬ್ಬಿಂಗ್ ಹೇಗೆ ನಡೆಯುತ್ತದೆ? ಕಲಾವಿದ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲದ ದನಿ ಕೇಳುತ್ತ, ಪರದೆಯ ಮೇಲಿನ ತುಟಿಗೆ ತನ್ನ ಮಾತು ಕೂರಿಸಬೇಕು. ಒಂದೊಂದು ಸಣ್ಣ ತುಣುಕನ್ನೇ ಮತ್ತೆ ಮತ್ತೆ ಓಡಿಸುತ್ತಾರೆ. ಇಲ್ಲಿ ನಿಮ್ಮ ವ್ಯಾಕರಣ ಪುಸ್ತಕದ ಓಷ್ಠ್ಯ ಅಕ್ಷರಗಳು ಕೆಲಸಕ್ಕೆ ಬರುತ್ತವೆ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ಇಂಗ್ಲಿಷ್ ಚಿತ್ರದಲ್ಲಿ ಪಾತ್ರ ‘ಮೇಬಿ’ ಎಂದಿತೆನ್ನಿ. ಕನ್ನಡದಲ್ಲಿ ‘ಇರಬಹುದು’ ಎಂದರೆ ಅರ್ಥ ಸರಿ, ಆದರೆ ಮುಚ್ಚಿದ ತುಟಿಯ ಮೇಲೆ ‘ಇ’ ಬಂದು ಕೂರುತ್ತದೆ, ನೋಡುವವರಿಗೆ ಏನೋ ಎಡವಟ್ಟು ಅನ್ನಿಸುತ್ತದೆ. ‘ಬಹುಶಃ’ ಎಂದರೆ ಮೊದಲ ತುಟಿ ಕೂತಿತು. ಇಂಥದ್ದನ್ನು ಯೋಚಿಸುವುದು ಸಂಭಾಷಣೆ ಬರೆಯುವವರ ಕೆಲಸ. ಹೀಗಾಗಿ ಕನ್ನಡ, ಉರ್ದು ಅಥವಾ ಹಿಂದಿ, ತೆಲುಗು ಬಲ್ಲವರಿಗೆ ದನಿ ಅಲ್ಲದೆ ಬರವಣಿಗೆಯ ಕೆಲಸವೂ ಇದೆ. ಈ ಎರಡನೆಯ ಬಾಗಿಲನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಬೆಳೆಯೋ ಬೆಲೆಯೋ

ಈಗ ಆ ಹಿಂದಿನ ಬೆಂಚಿನ ನಗುವಿನ ವಿಷಯಕ್ಕೆ ಬರೋಣ.

‘ಈ ವರ್ಷ ಶೇಂಗಾ ಬೆಳೆ ಕುಸಿದಿದೆ.’ ‘ಈ ವರ್ಷ ಶೇಂಗಾ ಬೆಲೆ ಕುಸಿದಿದೆ.’ ಚಳ್ಳಕೆರೆಯ ರೈತನಿಗೆ ಈ ಎರಡು ವಾಕ್ಯಗಳ ನಡುವೆ ಇರುವ ಅಂತರ ಒಂದು ಅಕ್ಷರದ್ದಲ್ಲ. ಮೊದಲನೆಯದಾದರೆ ಬೆಳೆ ವಿಮೆಯ ಕಚೇರಿಗೆ ಓಡುತ್ತಾನೆ, ಎರಡನೆಯದಾದರೆ ಮಾಲು ಮಾರುಕಟ್ಟೆಗೆ ಹಾಕದೆ ಮನೆಯಲ್ಲಿಡುತ್ತಾನೆ. ಆದ್ದರಿಂದ ಉಚ್ಚಾರಣೆ ತಿದ್ದಿಕೊಳ್ಳಿ ಎಂದರೆ ಅದು ಅವಮಾನವಲ್ಲ, ಕೆಲಸದ ಅಗತ್ಯ. ಆದರೆ ನಗುವವರಿಗೂ ಒಂದು ಮಾತು ಹೇಳಬೇಕು. ‘ಹಾಲು’ ಎನ್ನಲು ‘ಆಲು’, ‘ಭಾರತ’ ಎನ್ನಲು ‘ಬಾರತ’, ‘ಶಾಲೆ’ ಎನ್ನಲು ‘ಸಾಲೆ’ ಎನ್ನುವವರು ಯಾರು? ಕನ್ನಡ ಮನೆಮಾತಿನವರೇ. ಉರ್ದು ಮನೆಯ ಹುಡುಗಿಗೆ ಹಕಾರ, ಮಹಾಪ್ರಾಣಗಳು ತೊಟ್ಟಿಲಿನಿಂದಲೇ ಬಂದಿರುತ್ತವೆ: ಖ, ಘ, ಧ, ಭ ಅವಳ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಅವಳಿಗೆ ಕಷ್ಟವಾಗುವುದು ಳ ಮತ್ತು ಣ. ಒಂದೊಂದು ಮನೆ ಕೆಲವು ಅಕ್ಷರ ಕೊಟ್ಟು ಕೆಲವನ್ನು ಇಟ್ಟುಕೊಂಡಿರುತ್ತದೆ. ಬೆಂಚಿನ ಈ ಕೊನೆ ಆ ಕೊನೆಯವರು ಪರಸ್ಪರ ಕಲಿಸಿಕೊಂಡರೆ ಇಬ್ಬರಿಗೂ ಲಾಭ.

ಮದರಸಾದಲ್ಲಿ ತಜ್ವೀದ್ ಕಲಿತವರಿಗೆ ‘ಮಖ್ರಜ್’ ಹೊಸ ಪದವಲ್ಲ. ಯಾವ ಅಕ್ಷರ ಗಂಟಲು, ನಾಲಗೆ, ತುಟಿಗಳ ಯಾವ ಜಾಗದಿಂದ ಹೊರಡಬೇಕೆಂದು ಉಸ್ತಾದರು ನಿಮ್ಮನ್ನು ಎಷ್ಟೋ ಸಲ ನಿಲ್ಲಿಸಿ ತಿದ್ದಿದ್ದಾರೆ. ಕನ್ನಡದಲ್ಲಿ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ನೀವು ಬಾಯಿಪಾಠ ಮಾಡಿದ್ದೂ ಅದೇ ವಿದ್ಯೆ. ‘ಲ’ ಹೇಳುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ‘ಳ’ಕ್ಕೆ ಅದನ್ನು ಹಿಂದಕ್ಕೆ ಮಡಚಿ ಅಂಗಳಿಗೆ ತಾಗಿಸಬೇಕು. ಕನ್ನಡಿಯ ಮುಂದೆ ಹಳ್ಳಿ–ಹಲ್ಲಿ, ಕಳೆ–ಕಲೆ, ಬೆಳೆ–ಬೆಲೆ, ಹುಳಿ–ಹುಲಿ ಎಂದು ನಿಧಾನವಾಗಿ ಹೇಳಿ, ಮೊಬೈಲಿನಲ್ಲಿ ಮುದ್ರಿಸಿ, ಕಣ್ಣು ಮುಚ್ಚಿದ ಗೆಳೆಯನಿಗೆ ಕೇಳಿಸಿ. ಯಾವುದು ಯಾವುದೆಂದು ಅವನು ತಪ್ಪದೆ ಹೇಳುವವರೆಗೆ ಬಿಡಬೇಡಿ. ಹಕಾರ ಬಾರದವರು ಹಾಲು–ಆಲ, ಹಾರು–ಆರು, ಹೊತ್ತು–ಒತ್ತು ತೆಗೆದುಕೊಳ್ಳಿ. ದಿನಕ್ಕೆ ಹತ್ತು ನಿಮಿಷ ಸಾಕು, ಒಂದು ದಿನವೂ ತಪ್ಪಬಾರದು ಅಷ್ಟೆ.

ಅಮೀನ್ ಸಯಾನಿ ಅವರ ಹೆಸರು ನಿಮ್ಮ ದಾದಾ, ನಾನಾ ಅವರನ್ನು ಕೇಳಿ, ಮುಖ ಅರಳುತ್ತದೆ. 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್‌ನಲ್ಲಿ ‘ಬಿನಾಕಾ ಗೀತ್‌ಮಾಲಾ’ ಶುರುವಾದಾಗ ಅವರಿಗೆ ಇಪ್ಪತ್ತು ತುಂಬುತ್ತಿತ್ತು. ಅದಕ್ಕೂ ಮುಂಚೆ ಆಕಾಶವಾಣಿಯ ಹಿಂದಿ ವಿಭಾಗಕ್ಕೆ ಅರ್ಜಿ ಹಾಕಿದ್ದರು. ದನಿ ಚೆನ್ನಾಗಿದೆ, ಆದರೆ ಉಚ್ಚಾರಣೆಯಲ್ಲಿ ಗುಜರಾತಿ, ಇಂಗ್ಲಿಷಿನ ವಾಸನೆ ಇದೆ ಎಂದು ತಿರಸ್ಕರಿಸಿದರು. ಅವರೇ ಹೇಳಿಕೊಂಡ ಸಂಗತಿ ಇದು. ಆಗ ಅವರು ಮಾಡಿದ ಕೆಲಸವೇನು? ಮುಂಬಯಿಯಲ್ಲಿ ರೇಡಿಯೊ ಸಿಲೋನ್ ಕಾರ್ಯಕ್ರಮಗಳ ಧ್ವನಿಮುದ್ರಣ ನಡೆಯುವ ಜಾಗಕ್ಕೆ ಹೋಗಿ ಕೂತು ಕೇಳಿದರು. ಒಂದು ದಿನ ಓದಬೇಕಾದವರು ಬರಲಿಲ್ಲ; ಕೂತಿದ್ದ ಹುಡುಗನಿಗೆ ಅವಕಾಶ ಸಿಕ್ಕಿತು. ‘ಗೀತ್‌ಮಾಲಾ’ಕ್ಕೆ ಶುರುವಿನಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 25 ರೂಪಾಯಿ, ಬರೆಯುವುದೂ ನಿರೂಪಿಸುವುದೂ ಅವರೇ. ಅವರ ತಾಯಿ ಕುಲ್ಸುಂ ಸಯಾನಿ ಹೊಸದಾಗಿ ಅಕ್ಷರ ಕಲಿತವರಿಗಾಗಿ ನಡೆಸುತ್ತಿದ್ದ ‘ರಹಬರ್’ ಪತ್ರಿಕೆ ನಾಗರಿ, ಉರ್ದು, ಗುಜರಾತಿ ಮೂರೂ ಲಿಪಿಗಳಲ್ಲಿ ಬರುತ್ತಿತ್ತು. ಆ ಪತ್ರಿಕೆಯ ಕೆಲಸದಲ್ಲಿ ಕೈಜೋಡಿಸುತ್ತ ಸರಳವಾಗಿ, ಎಲ್ಲರಿಗೂ ತಿಳಿಯುವಂತೆ ಮಾತಾಡುವುದನ್ನು ಕಲಿತ ಹುಡುಗ ಆತ. 2024ರ ಫೆಬ್ರವರಿಯಲ್ಲಿ 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ದೇಶದ ಎಲ್ಲ ಭಾಷೆಯ ಪತ್ರಿಕೆಗಳೂ ಬರೆದವು.

ಅಕ್ಷರ ಸರಿಯಾದ ಮೇಲೆ ಅರ್ಥ. ‘ನಾಳೆ ಬೆಳಿಗ್ಗೆ ಹತ್ತಕ್ಕೆ ಮೊಳಕಾಲ್ಮುರಿನಲ್ಲಿ ಉಚಿತ ಕಣ್ಣಿನ ತಪಾಸಣೆ ಇದೆ’ ಎಂಬ ವಾಕ್ಯ ತೆಗೆದುಕೊಳ್ಳಿ. ಒತ್ತು ಎಲ್ಲಿ ಬರಬೇಕು? ಚಳ್ಳಕೆರೆಯಲ್ಲಿ ನಿನ್ನೆಯೇ ಮುಗಿದಿದ್ದರೆ ‘ಮೊಳಕಾಲ್ಮುರಿನಲ್ಲಿ’ ಮೇಲೆ. ಬಡವರು ದುಡ್ಡಿಗೆ ಹೆದರಿ ಬರುತ್ತಿಲ್ಲ ಎಂದಾದರೆ ‘ಉಚಿತ’ದ ಮೇಲೆ. ಎಲ್ಲ ಪದಕ್ಕೂ ಒತ್ತು ಕೊಟ್ಟು ಓದಿದರೆ ಚುನಾವಣಾ ಪ್ರಚಾರದ ಆಟೋದ ಹಾಗೆ ಕೇಳುತ್ತದೆ. ಯಾರಿಗೆ, ಯಾಕೆ ಹೇಳುತ್ತಿದ್ದೇನೆ ಎಂದು ಓದುವ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ನಾನೂ ಪದವಿಯ ಕೊನೆಯ ವರ್ಷದಲ್ಲಿ ಒಂದು ದನಿಪರೀಕ್ಷೆಗೆ ಹೋಗಿದ್ದೆ. ಹಳಗನ್ನಡ ಪದ್ಯ ಓದಿಸುತ್ತಾರೆಂದು ವಾರವಿಡೀ ತಯಾರಾಗಿದ್ದೆ. ಕೊಟ್ಟದ್ದು ಅಣೆಕಟ್ಟೆಗಳ ನೀರಿನ ಮಟ್ಟದ ಪಟ್ಟಿ. 1,05,006 ಎಂಬ ಅಂಕಿ ಎದುರಾದಾಗ ‘ಒಂದು ಲಕ್ಷ... ಐವತ್ತು...’ ಎಂದು ತಡವರಿಸಿ, ಕ್ಷಮೆ ಕೇಳಿ, ಮತ್ತೆ ತಪ್ಪಿದೆ. ಗಾಜಿನ ಆಚೆ ಕೂತವರು ತಲೆ ಎತ್ತಲೂ ಇಲ್ಲ. ಅಂದಿನಿಂದ ನಾನು ಪತ್ರಿಕೆಯಲ್ಲಿ ಅಂಕಿಗಳನ್ನು ಮೊದಲು ಓದುತ್ತೇನೆ.

ಕಂಬಳಿಯ ಸ್ಟುಡಿಯೊ

ಕಲಿಯಲು ಲಕ್ಷ ರೂಪಾಯಿಯ ಸ್ಟುಡಿಯೊ ಬೇಕಿಲ್ಲ. ಬೇಕಾದದ್ದು ಪ್ರತಿಧ್ವನಿ ಇಲ್ಲದ ಮೂಲೆ. ಸುಣ್ಣ ಬಳಿದ ಬರಿಗೋಡೆ ದನಿಯನ್ನು ವಾಪಸು ಎಸೆಯುತ್ತದೆ. ದಪ್ಪ ಉಣ್ಣೆ ಅದನ್ನು ನುಂಗುತ್ತದೆ. ದಪ್ಪ ಉಣ್ಣೆಗೆ ನಾವು ಬೇರೆ ಊರಿಗೆ ಹೋಗಬೇಕಿಲ್ಲ, ಚಳ್ಳಕೆರೆಯ ಕಂಬಳಿ ಇದೆ. ಕೋಣೆಯ ಮೂಲೆಯಲ್ಲಿ ಹಗ್ಗ ಕಟ್ಟಿ ಹಿಂದೆ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ಇಳಿಬಿಟ್ಟು ನಡುವೆ ಕೂತು ಓದಿ. ಹೊರಗೆ ಓದಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಾಧಾರಣ ಮೊಬೈಲಿನಲ್ಲೂ ಕೇಳಿಸುತ್ತದೆ. ಬಾಯಿಂದ ಮೊಬೈಲಿಗೆ ಒಂದು ಗೇಣು ಅಂತರ ಇರಲಿ, ಮತ್ತು ಅದು ಬಾಯಿಗೆ ನೇರ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿರಲಿ. ಇಲ್ಲದಿದ್ದರೆ ಪ, ಬ, ಫ ಹೇಳುವಾಗ ಉಸಿರು ‘ಬುಸ್’ ಎಂದು ಬಡಿಯುತ್ತದೆ. ಫ್ಯಾನು ನಿಲ್ಲಿಸಿ. ಕರೆಂಟು ಹೋದ ಹೊತ್ತನ್ನು ಎಲ್ಲರೂ ಬೈಯುತ್ತಾರೆ, ದನಿಮುದ್ರಣಕ್ಕೆ ಅಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಕಂಪ್ಯೂಟರ್ ಇದ್ದವರು ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ವಿಡಿಯೊಗಳಿಗೆ ಸಾಮಾನ್ಯವಾಗಿ 48 ಕಿಲೊಹರ್ಟ್ಸ್‌ನ ‘ವೇವ್’ ಕಡತ ಕೇಳುತ್ತಾರೆ. ಆಡಿಯೊ ಪುಸ್ತಕದವರು ಇನ್ನೂ ಕಟ್ಟುನಿಟ್ಟು. ಅಮೆಜಾನ್‌ನ ಆಡಿಯೊ ಪುಸ್ತಕ ವಿಭಾಗವು ದನಿಯ ಅತಿ ಎತ್ತರದ ಮಟ್ಟ ಮೈನಸ್ 3 ಡೆಸಿಬಲ್ ದಾಟಬಾರದು, ನೀವು ಸುಮ್ಮನಿದ್ದಾಗ ಕೋಣೆಯ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು ಎನ್ನುತ್ತದೆ. ಈ ಅಂಕಿಗಳನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ದನಿಯ ಗುಣ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು ಎಂಬುದಷ್ಟು ನೆನಪಿದ್ದರೆ ಸದ್ಯಕ್ಕೆ ಸಾಕು.

ಹುಡುಗರಿಗೆ ಒಂದು ಎಚ್ಚರಿಕೆ. ಹದಿನಾರು, ಹದಿನೇಳರಲ್ಲಿ ದನಿ ಇನ್ನೂ ನೆಲೆ ನಿಲ್ಲುತ್ತಿರುತ್ತದೆ. ಟ್ರೇಲರಿನ ಗಡಸು ದನಿಗಾಗಿ ಗಂಟಲು ಒತ್ತಿ ಮಾತಾಡಬೇಡಿ. ವಯಸ್ಕ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರದು ಸುಮಾರು 200 ಸಲ ಕಂಪಿಸುತ್ತವೆ. ಅಷ್ಟು ಸಲ ಒಂದಕ್ಕೊಂದು ತಾಗುವ ಅಂಗಕ್ಕೆ ಒತ್ತಡ ಹಾಕಿದರೆ ಗಾಯವಾಗುತ್ತದೆ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಬದಲು ನೀರು ಕುಡಿಯಿರಿ. ಗುಟ್ಕಾ ಬಗ್ಗೆ ನಿಮಗೆ ಬೇರೆ ಹೇಳಬೇಕೆ?

ದುಡ್ಡಿನ ಮಾತು

ಇದು ಸಂಬಳದ ಕೆಲಸವಲ್ಲ. ಒಂದು ಜಾಹೀರಾತಿಗೆ ಇಷ್ಟು, ಒಂದು ದಿನದ ಡಬ್ಬಿಂಗಿಗೆ ಇಷ್ಟು, ಮುಗಿದ ಆಡಿಯೊದ ಗಂಟೆಗೆ ಇಷ್ಟು ಎಂದು ಲೆಕ್ಕ. ಕೆಲಸ ಮಾಡಿ ಎರಡು, ಮೂರು ತಿಂಗಳು ಕಾಯುವುದು ಮಾಮೂಲು. ಮೊದಲ ಕೆಲವು ವರ್ಷ ಇದೊಂದರಿಂದಲೇ ಮನೆ ನಡೆಯುತ್ತದೆ ಎಂದು ನಾನು ಯಾರ ಅಬ್ಬಾ, ಅಮ್ಮಿಗೂ ಭರವಸೆ ಕೊಡಲಾರೆ. ಆದ್ದರಿಂದ ಪಿಯುಸಿ ನಂತರ ಓದು ಬಿಟ್ಟು ಬೆಂಗಳೂರಿಗೆ ಹೋಗುತ್ತೇನೆ ಎನ್ನುವವರನ್ನು ನಾನು ತಡೆಯುತ್ತೇನೆ. ಪದವಿ ಮಾಡಿ. ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರ ಆಯ್ಕೆಗೂ ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಲಿಖಿತ ಪರೀಕ್ಷೆ, ಆಮೇಲೆ ದನಿಪರೀಕ್ಷೆ. ಅದೂ ಕಾಯಂ ನೌಕರಿಯಲ್ಲ, ತಿಂಗಳಿಗೆ ಕೆಲವೇ ಪಾಳಿ. ಆದರೆ ಅಲ್ಲಿ ಕಲಿತದ್ದು ಎಲ್ಲೆಡೆ ನಡೆಯುತ್ತದೆ. ನಮಗೆ ಹತ್ತಿರದ ಕೇಂದ್ರ ಚಿತ್ರದುರ್ಗದಲ್ಲೇ ಇದೆ. ಆಕಾಶವಾಣಿಯ ‘ಯುವವಾಣಿ’ 15ರಿಂದ 30 ವರ್ಷದವರಿಗಾಗಿಯೇ ಇರುವ ಕಾರ್ಯಕ್ರಮ, ಅದಕ್ಕೆ ನೀವು ಈಗಲೇ ಅರ್ಹರು. ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಪರಿಚಯಿಸಿದ್ದೂ ನಮ್ಮವರೇ: 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ನಡೆಸಿದ ಬಾನುಲಿ ಕೇಂದ್ರದ ಹೆಸರದು.

ನಮ್ಮೂರಲ್ಲೇ ಕೆಲಸವಿಲ್ಲವೆ? ಇದೆ. ನಾಯಕನಹಟ್ಟಿ ಜಾತ್ರೆಯ ಪ್ರಕಟಣೆ, ಹೊಸ ಅಂಗಡಿಯ ಪ್ರಚಾರದ ಆಟೋ, ಮೊಳಕಾಲ್ಮುರು ರೇಷ್ಮೆ ಸೀರೆ ಮಾರುವವರ ಮೊಬೈಲ್ ವಿಡಿಯೊ. ಸೀರೆ ನೇಯುವವರ ಕೈ ತೋರಿಸಿ ಹಿಂದೆ ಸಿನಿಮಾ ಹಾಡು ಹಾಕುವ ಬದಲು ಮೂವತ್ತು ಸೆಕೆಂಡಿನ ಒಳ್ಳೆಯ ಮಾತು ಬರೆದು ಓದಿಕೊಟ್ಟರೆ ಮೊದಲ ಗಿರಾಕಿ ಸಿಕ್ಕಂತೆ. ಇಂಥ ಕೆಲಸ ಈ ಸೀಮೆಗೆ ಹೊಸದೂ ಅಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನಗಳು ತಮ್ಮನ್ನು ‘ಸಾವಣ’ ಎಂದು ಕರೆದುಕೊಳ್ಳುತ್ತವೆ. ಶ್ರವಣಕ್ಕೆ ನಂಟಿನ ಪದ. ಕೇಳಿಸುವಂಥದ್ದು, ಸಾರುವಂಥದ್ದು ಎಂದು ಅರ್ಥ. ಕಲ್ಲಿನಲ್ಲಿ ಬರೆದವನ ಹೆಸರು ಚಪಡ ಎಂದು ಉಳಿದಿದೆ. ಅದನ್ನು ಊರವರ ಮುಂದೆ ಓದಿ ಹೇಳಿದವನ ಹೆಸರು ಉಳಿದಿಲ್ಲ. ದನಿಯವರ ಪಾಡು ಆಗಲೂ ಅಷ್ಟೆ!

ಮೋಸದ ವಿಷಯ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ‘ಆಡಿಷನ್ ಫೀಸ್’, ‘ನೋಂದಣಿ ಶುಲ್ಕ’, ‘ಕೆಲಸ ಗ್ಯಾರಂಟಿ, ಮೊದಲು ಕೋರ್ಸಿಗೆ ಕಟ್ಟಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯ ಕಿವಿಯೋಲೆ ಅಡವಿಟ್ಟು ಹೀಗೆ ಕಟ್ಟಿದ. ನಾಲ್ಕು ಭಾನುವಾರ ಪಾಠ ನಡೆಯಿತು, ಐದನೆಯ ಭಾನುವಾರ ಬಾಗಿಲಿಗೆ ಬೀಗ. ಕಲಿಸುವ ಒಳ್ಳೆಯ ಸಂಸ್ಥೆಗಳೂ ಇವೆ, ಆದರೆ ಅವು ಕಲಿಸುತ್ತೇವೆ ಎನ್ನುತ್ತವೆಯೇ ಹೊರತು ಕೆಲಸ ಕೊಡಿಸಿಯೇ ತೀರುತ್ತೇವೆ ಎನ್ನುವುದಿಲ್ಲ.

ಒಪ್ಪಿಕೊಳ್ಳುವ ಮುಂಚೆ ಮೂರು ಪ್ರಶ್ನೆ ಬರಹದಲ್ಲಿ ಕೇಳಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಈ ದನಿಯನ್ನು ಎಲ್ಲಿ ಬಳಸುತ್ತೀರಿ? ಎಷ್ಟು ಕಾಲ? ಮಾತು ಬದಲಾಯಿಸಿ ಮತ್ತೆ ಓದಿಸಿದರೆ ಎಷ್ಟು ಕೊಡುತ್ತೀರಿ? ನಿಮ್ಮ ತಪ್ಪಿಗೆ ಮತ್ತೆ ಓದುವುದು ನಿಮ್ಮ ಕರ್ತವ್ಯ. ಅವರು ಬರಹವನ್ನೇ ಬದಲಿಸಿದರೆ ಅದು ಹೊಸ ಕೆಲಸ. ಈಗ ನಾಲ್ಕನೆಯ ಪ್ರಶ್ನೆಯೂ ಸೇರಿದೆ: ನನ್ನ ದನಿಯಿಂದ ಯಂತ್ರಕ್ಕೆ ಕಲಿಸುತ್ತೀರಾ? ಕೆಲವು ನಿಮಿಷದ ದನಿ ಸಿಕ್ಕರೆ ಸಾಕು, ನೀವು ಎಂದೂ ಹೇಳದ ಮಾತನ್ನು ನಿಮ್ಮ ದನಿಯಲ್ಲೇ ಹೇಳಿಸುವ ತಂತ್ರಾಂಶಗಳು ಬಂದಿವೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಹೀಗೆ ಅನುಮತಿಯಿಲ್ಲದೆ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ತಡೆ ನೀಡಿತು. ಅದೇ ತಿಂಗಳು ಅಮೆರಿಕದ ವಿಡಿಯೊ ಗೇಮ್ ದನಿ ಕಲಾವಿದರು ಇದೇ ಕಾರಣಕ್ಕೆ ಮುಷ್ಕರ ಹೂಡಿದರು. ‘ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲು ಕಂಡರೆ ಸಹಿ ಹಾಕುವ ಮೊದಲು ತಿಳಿದವರಿಗೆ ತೋರಿಸಿ. ಫೋನ್ ಪ್ರಕಟಣೆ, ಸಣ್ಣಪುಟ್ಟ ವಿಡಿಯೊಗಳ ಕೆಲಸವನ್ನು ಯಂತ್ರ ಈಗಾಗಲೇ ತೆಗೆದುಕೊಳ್ಳುತ್ತಿದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ. ಯಂತ್ರ ಇನ್ನೂ ಎಡವುವುದು ನಮ್ಮ ಸೀಮೆಯ ಆಡುಮಾತಿನಲ್ಲಿ, ನಗುವಿನಲ್ಲಿ, ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ಉರ್ದು ಬೆರೆಯುವ ಕಡೆ. ನಿಮ್ಮ ಮನೆಯ ಅಂಗಳದ ಮಾತು ಅದು.

ಕೊನೆಯದಾಗಿ, ಇಬ್ಬರು ವಿದ್ಯಾರ್ಥಿನಿಯರು ಬೇರೆ ಬೇರೆಯಾಗಿ ಬಂದು ಕೇಳಿದ ಒಂದೇ ಪ್ರಶ್ನೆ: ‘ಸರ್, ಕ್ಯಾಮೆರಾ ಮುಂದೆ ನಿಲ್ಲೋಕೆ ಮನೇಲಿ ಒಪ್ಪಲ್ಲ. ದನಿ ಮಾತ್ರ ಆದ್ರೆ?’ ಮುಖ ತೋರಿಸದೆ, ಬಹಳಷ್ಟು ಸಲ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು ಎಂಬುದು ನಿಜ. ಪಾಠ, ಆಡಿಯೊ ಪುಸ್ತಕ, ಆರೋಗ್ಯದ ಪ್ರಕಟಣೆಗಳಿಗೆ ಹೆಣ್ಣು ದನಿ ಬೇಕೇ ಬೇಕು. ಆದರೆ ಡಬ್ಬಿಂಗ್‌ಗೆ ಸ್ಟುಡಿಯೊಗೆ ಹೋಗಲೇಬೇಕು, ಹೊತ್ತುಗೊತ್ತು ಇರುವುದಿಲ್ಲ. ಮನೆಯಲ್ಲಿ ಎರಡನ್ನೂ ಬಿಚ್ಚಿ ಹೇಳಿ. ಅರ್ಧ ಹೇಳಿ ಒಪ್ಪಿಸಿದರೆ ಆಮೇಲೆ ಪೂರ್ತಿ ಬಿಡಬೇಕಾಗುತ್ತದೆ. ಯಾವ ಮಾತಿಗೆ ದನಿ ಕೊಡುವುದಿಲ್ಲ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಗುಟ್ಕಾ, ಆನ್‌ಲೈನ್ ಜೂಜು, ಬಡ್ಡಿ ಸಾಲದ ಆ್ಯಪ್ ಇವುಗಳ ಜಾಹೀರಾತಿಗೆ ‘ಬೇಡ’ ಎಂದ ಕಲಾವಿದರು ಹಸಿವಿನಿಂದ ಸತ್ತ ಉದಾಹರಣೆ ನಾನು ಕೇಳಿಲ್ಲ.

ಮುಂದಿನ ತಿಂಗಳಿನಿಂದ ಶನಿವಾರ ಕೊನೆಯ ಪೀರಿಯಡ್ ಆದ ಮೇಲೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಒಂದು ಗಂಟೆ ಓದೋಣ ಎಂದುಕೊಂಡಿದ್ದೇನೆ, ಪ್ರಾಂಶುಪಾಲರು ಒಪ್ಪಿದ್ದಾರೆ. ಮೊದಲ ವಾರ ಪತ್ರಿಕೆಯ ಎಪಿಎಂಸಿ ಧಾರಣೆಯ ಪುಟ, ಅಂಕಿಗಳೆಲ್ಲ ಸೇರಿ. ಮೊಬೈಲು, ಪೆನ್ಸಿಲು ತನ್ನಿ. ಮೂರು ಕಂಬಳಿ ನಾನು ತರುತ್ತೇನೆ. ಬಾಗಿಲಲ್ಲಿ ನಿಂತು ಕೇಳಿದ ಆ ಹುಡುಗ ಮೊದಲು ಓದಲಿ, ಹಿಂದಿನ ಬೆಂಚಿನವರು ಆಮೇಲೆ.